ಅಶ್ವತ್ಥದ ಎಲೆಯೂ ಹೊಸ ಹೃದಯವೂ
(ಗ್ರಾಮಸ್ಥರ ಸಭೆಯಲ್ಲಿ ಆರೋಗ್ಯದ ಬಗ್ಗೆ ಮಾಡಿದ ಭಾಷಣ)



ಅಶ್ವತ್ಥದ ಎಲೆಯನ್ನು ಕೆಲವು ವಾರ ನೀರಿನಲ್ಲಿ ಕೊಳೆಹಾಕಿದರೆ ಏನಾಗುವುದೆಂದು ತಾವೆಲ್ಲರೂ ಬಲ್ಲಿರಿ. ಹಸುರು ಕರಗಿ ನರಗಳ ಬಲೆ ಉಳಿಯುತ್ತದೆ. ಎಲೆಯ ಆಕಾರ ಕೆಡುವುದಿಲ್ಲ. ನಮ್ಮ ದೇಹದ ಅಂಗಗಳೂ ಹೆಚ್ಚುಕಡಮೆ ಹೀಗೆಯೇ. ಜೀವಕೋಶಗಳು ನೆಲೆಸಲು ಒಳಗೊಂದು ಹಂದರವಿದೆ. ಹಳೆಯ ಕೋಶಗಳನ್ನು ತೊಳೆದು, ಆ ಹಂದರಕ್ಕೆ ಹೊಸ ಕೋಶಗಳನ್ನು ಹಬ್ಬಿಸಿ, ಕೆಟ್ಟ ಅಂಗಕ್ಕೆ ಬದಲಿ ಅಂಗವನ್ನು ಬೆಳೆಸಬಹುದೇ? ಈ ಪ್ರಯತ್ನ ಈಗ ನಡೆದಿದೆ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಡೋರಿಸ್ ಟೇಲರ್, ಹೆರಾಲ್ಡ್ ಆಟ್ ಮತ್ತು ಸಂಗಡಿಗರು ಸತ್ತ ಇಲಿಯ ಹೃದಯದ ರಕ್ತನಾಳಗಳಲ್ಲಿ ಸಾಬೂನಿನಂಥ ದ್ರಾವಣವನ್ನು ಹರಿಸಿದರು. ಕೋಶಗಳು ತೊಳೆದುಹೋಗಿ ಬಿಳಿಯ ಹಂದರ ಉಳಿಯಿತು. ಎಳೆಯ ಇಲಿಮರಿಗಳ ಹೃದಯಕೋಶಗಳನ್ನು ಅದಕ್ಕೆ ತುಂಬಿ, ಪೋಷಕದ್ರವವನ್ನು ಹರಿಸುತ್ತ ಕಾದರು. ನಾಲ್ಕನೆಯ ದಿನ ಅದು ಮಿಡಿಯಿತು! ಎಂಟನೆಯ ದಿನಕ್ಕೆ, ಬೆಳೆದ ಇಲಿಯ ಹೃದಯದ ಶಕ್ತಿಯಲ್ಲಿ ಸುಮಾರು ಶೇಕಡಾ 2ರಷ್ಟು ಕೆಲಸ ಮಾಡಿತು. ಇದು 2008ರಲ್ಲಿ ಪ್ರಕಟವಾಯಿತು. 2017ರಲ್ಲಿ ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ಕಿನವರು ಪಾಲಕ್ ಸೊಪ್ಪಿನ ಎಲೆಯನ್ನೇ ಹೀಗೆ ತೊಳೆದು, ಅದರ ಮೇಲೆ ಮನುಷ್ಯನ ಹೃದಯಕೋಶಗಳನ್ನು ಬೆಳೆಸಿದರು.

ಇದರಿಂದ ಪ್ರಯೋಜನವೇನು? ಬೇರೆಯವರ ಅಂಗವನ್ನು ಜೋಡಿಸಿದರೆ ದೇಹವು ಅದನ್ನು ಪರಕೀಯವೆಂದು ತಳ್ಳಲು ನೋಡುತ್ತದೆ. ಅದನ್ನು ತಡೆಯಲು ಸದಾ ಔಷಧಿ ಬೇಕು. ರೋಗಿಯ ಸ್ವಂತ ಕೋಶಗಳಿಂದಲೇ ಅಂಗವನ್ನು ಬೆಳೆಸಿದರೆ ಈ ತೊಂದರೆ ತಪ್ಪೀತು. ಚರ್ಮದ ಕೋಶವನ್ನು ಕಾಂಡಕೋಶವಾಗಿ, ಅಂದರೆ ಬೇಕಾದ ಬಗೆಗೆ ತಿರುಗಬಲ್ಲ ಕೋಶವಾಗಿ, ಮಾರ್ಪಡಿಸುವ ಕ್ರಮವನ್ನು ಜಪಾನಿನ ಶಿನ್ಯಾ ಯಮನಾಕ ತೋರಿಸಿಕೊಟ್ಟು 2012ರಲ್ಲಿ ನೊಬೆಲ್ ಬಹುಮಾನ ಪಡೆದರು.

ಆದರೆ ಹಂದರ ಹಾಕಿದ ಮಾತ್ರಕ್ಕೆ ಅವರೆ ಬಳ್ಳಿ ಹಬ್ಬಿಬಿಡುವುದಿಲ್ಲ. ಮನುಷ್ಯನ ಹೃದಯಕ್ಕೆ ಕೋಟ್ಯಂತರ ಕೋಶಗಳು ಬೇಕು. ಒಂದೊಂದೂ ತನ್ನ ಜಾಗದಲ್ಲಿ ಕೂರಬೇಕು. ನಾಳಗಳ ಒಳಮೈ ಪೂರ್ತಿ ಮುಚ್ಚದಿದ್ದರೆ ರಕ್ತ ಹೆಪ್ಪುಗಟ್ಟುತ್ತದೆ. ಆದುದರಿಂದ ಇಡೀ ಹೃದಯವಾಗಲಿ ಮೂತ್ರಪಿಂಡವಾಗಲಿ ಈ ಕ್ರಮದಿಂದ ರೋಗಿಗಳಿಗೆ ಇನ್ನೂ ದೊರಕಿಲ್ಲ.

ಅವಸರ ಮಾಡಿದರೆ ಏನಾಗುವುದೆಂಬುದಕ್ಕೆ ಸ್ವೀಡನ್ ದೇಶದ ಪ್ರಕರಣವೇ ಸಾಕ್ಷಿ. ಅಲ್ಲಿ 2011 ಮತ್ತು 2012ರಲ್ಲಿ ಮ್ಯಾಕಿಯಾರಿನಿ ಎಂಬ ಶಸ್ತ್ರವೈದ್ಯ, ಪ್ಲಾಸ್ಟಿಕ್ ಶ್ವಾಸನಾಳಕ್ಕೆ ಕಾಂಡಕೋಶ ಲೇಪಿಸಿ ಮೂವರಿಗೆ ಜೋಡಿಸಿದ. ಮೂವರೂ ಮುಂದೆ ತೀರಿಕೊಂಡರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯವು ಅವನಿಗೆ ಎರಡೂವರೆ ವರ್ಷದ ಸಜೆ ವಿಧಿಸಿತು.

ಬಂಧುಗಳೇ, "ಕಾಂಡಕೋಶದ ಸೂಜಿಮದ್ದಿನಿಂದ ಕೆಟ್ಟ ಮೂತ್ರಪಿಂಡ ಹೊಸದಾಗುತ್ತದೆ" ಎಂದು ಯಾರಾದರೂ ಬಂದರೆ ಜಮೀನು ಅಡವಿಡಬೇಡಿರಿ. ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಿರಿ; ಮೂತ್ರಪಿಂಡವನ್ನು ಹೆಚ್ಚಾಗಿ ಕೆಡಿಸುವುವು ಇವೇ. ಅಂಗ ಮಾರುವುದೂ ಕೊಳ್ಳುವುದೂ 1994ರ ಕಾನೂನಿನಂತೆ ಅಪರಾಧ, ದಾನಕ್ಕೆ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಮೃತರ ಅಂಗದಾನದ ಏರ್ಪಾಟನ್ನು 'ಜೀವಸಾರ್ಥಕತೆ' ಸಂಸ್ಥೆ ನೋಡಿಕೊಳ್ಳುತ್ತದೆ. ಪ್ರಯೋಗಶಾಲೆಯ ಹಂದರ ಫಲ ಕೊಡುವವರೆಗೆ, ಕಾದಿರುವ ರೋಗಿಗೆ ಇನ್ನೊಬ್ಬ ಮನುಷ್ಯನ ದಾನವೇ ಆಸರೆ. ಈ ವಿಚಾರವನ್ನು ಮನೆಮಂದಿಯೊಡನೆ ಕುಳಿತು ಮಾತನಾಡಿರೆಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.