ಹಳೆಯ ಮಾಸ್ತರರಿಗೆ ಹೊಸ ಪರೀಕ್ಷೆ

(ಸಂಘದ ಉಚಿತ ವಾಚನಾಲಯದಲ್ಲಿ ರವಿವಾರ ಸಂಜೆ ಮಾಡಿದ ಭಾಷಣ)



ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಹಿಡಿದು ನಮಗೆ ಇಪ್ಪತ್ತು, ಇಪ್ಪತ್ತೈದು ವರ್ಷಗಳಾದುವು. ಡಿ.ಎಡ್. ಪ್ರಮಾಣಪತ್ರ ಒಂದು, ನೇಮಕದ ಆದೇಶ ಒಂದು. ಈ ಎರಡು ಕಾಗದಗಳೇ ನಮ್ಮ ಪರವಾನಿಗೆ. ಅವನ್ನು ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆವು. ಇನ್ನು ಪಿಂಚಣಿಯ ಅರ್ಜಿ ಬರೆಯುವ ದಿನ ತೆಗೆದರೆ ಸಾಕು ಎಂದುಕೊಂಡಿದ್ದೆವು. ಆ ಗಂಟನ್ನು ಈಗಲೇ ಬಿಚ್ಚಬೇಕಾಗಿ ಬಂದಿದೆ.

ವಿಷಯ ಸ್ವಲ್ಪ ಕಾಯಿದೆಯದು, ಬೇಸರಿಸಬಾರದು. ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆ 2009ರದು. ಅದು ಜಾರಿಗೆ ಬಂದುದು 1 ಏಪ್ರಿಲ್ 2010ರಂದು. ಅದರಂತೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 23 ಆಗಸ್ಟ್ 2010ರಂದು ಒಂದು ಅಧಿಸೂಚನೆ ಹೊರಡಿಸಿತು. ಒಂದರಿಂದ ಎಂಟನೆಯ ಇಯತ್ತೆಯ ತನಕ ಕಲಿಸಲು ಬರುವವರು ಶಿಕ್ಷಕ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ., ಪಾಸಾಗಿರಬೇಕು ಎಂದಿತು. ಅದೇ ಅಧಿಸೂಚನೆಯಲ್ಲಿ, ಅದಕ್ಕೆ ಮೊದಲು ನಿಯಮದಂತೆ ನೇಮಕವಾದವರಿಗೆ ಹೊಸ ಅರ್ಹತೆಗಳಿಂದ ವಿನಾಯಿತಿಯೂ ಇತ್ತು. ಆ ವಿನಾಯಿತಿಯನ್ನು ನಂಬಿ ನಾವು ಹದಿನೈದು ವರ್ಷ ಪಾಠ ಹೇಳಿದೆವು. ಪರೀಕ್ಷೆ ಏನಿದ್ದರೂ ಹೊಸಬರಿಗೆ ಎಂಬ ಭಾವನೆ ನಮ್ಮದು.

ಹೊಸಬರ ಪಾಡೇನೂ ಸುಖದ್ದಾಗಿರಲಿಲ್ಲ. ಅವರ ಟಿ.ಇ.ಟಿ. ಪ್ರಮಾಣಪತ್ರಕ್ಕೆ ಮೊದಲು ಏಳೇ ವರ್ಷ ಆಯುಸ್ಸು. 2013ರಲ್ಲಿ ಪಾಸಾಗಿ, ಕೆಲಸ ಸಿಗದೆ, 2020ಕ್ಕೆ ಆ ಕಾಗದ ಸತ್ತುಹೋಗಿ ಕೈಚೆಲ್ಲಿ ಕುಳಿತವರುಂಟು. 2021ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರ ಅದನ್ನು ಜೀವಮಾನ ಪೂರ್ತಿಯದೆಂದು ಮಾಡಿತು, 2011ರಿಂದಲೇ ಅನ್ವಯವೆಂದಿತು. ಹೀಗೆ ಎಳೆಯರ ಏಳು ವರ್ಷದ ಕಾಗದ ಜೀವಮಾನದ್ದಾಯಿತು. ನಾವು ಜೀವಮಾನದ್ದೆಂದುಕೊಂಡ ಕಾಗದಕ್ಕೆ ಮಾತ್ರ ನಾಲ್ಕು ವರ್ಷದ ಬಳಿಕ ಎರಡು ವರ್ಷದ ಗಡುವು ಬಂದಿತು!

ಆ ಗಡುವು ಬಂದುದು 1 ಸೆಪ್ಟೆಂಬರ್ 2025ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ. ಅಂಜುಮನ್ ಇಶಾತ್-ಎ-ತಾಲೀಮ್ ಟ್ರಸ್ಟ್ ಎಂಬ ಸಂಸ್ಥೆಗೂ ಮಹಾರಾಷ್ಟ್ರ ಸರಕಾರಕ್ಕೂ ನಡೆದ ವ್ಯಾಜ್ಯ ಅದು. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಉಳಿದವರು ಪರೀಕ್ಷೆಯಿಲ್ಲದೆ ಕೊನೆಯ ತನಕ ಇರಬಹುದು, ಆದರೆ ಬಡ್ತಿ ಕೇಳುವಂತಿಲ್ಲ. ಅದಕ್ಕಿಂತ ಹೆಚ್ಚು ಸೇವೆ ಉಳಿದವರು ಎರಡು ವರ್ಷದೊಳಗೆ ಪಾಸಾಗಬೇಕು. ಆಗದಿದ್ದರೆ ಕೆಲಸ ಬಿಡಬೇಕು, ಇಲ್ಲವೆ ಕಡ್ಡಾಯವಾಗಿ ನಿವೃತ್ತರಾಗಬೇಕು. ಸಲ್ಲತಕ್ಕ ಸೇವೆ ಪೂರೈಸಿದವರಿಗೆ ನಿವೃತ್ತಿಯ ಹಣ ಉಂಟು. ನಮ್ಮಲ್ಲಿ ಐವತ್ತೆಂಟಕ್ಕೆ ನಿವೃತ್ತಿ. ಆದುದರಿಂದ ಆ ದಿನ ಐವತ್ತೊಂದು, ಐವತ್ತೆರಡರ ವಯಸ್ಸಿನಲ್ಲಿದ್ದವರಿಗೇ ಇದು ಗಂಟಲಲ್ಲಿ ಸಿಕ್ಕಿದ ತುತ್ತು.

ಅಲ್ಪಸಂಖ್ಯಾತರ ಶಾಲೆಗಳ ಮಾತು ಬೇರೆ. ಈ ಕಾಯಿದೆ ಅವಕ್ಕೆ ತಗಲುವುದಿಲ್ಲವೆಂದು 2014ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. 2025ರ ತೀರ್ಪು ಆ ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಬೇಕೆಂದು, ಅಲ್ಲಿಯ ತನಕ ಆ ಶಾಲೆಗಳನ್ನು ಹೊರಗಿಟ್ಟಿತು. ಅಲ್ಪಸಂಖ್ಯಾತರೆಂದರೆ ಧರ್ಮದಿಂದ ಮಾತ್ರವಲ್ಲ, ಭಾಷೆಯಿಂದಲೂ ಹೌದು. ಮಹಾರಾಷ್ಟ್ರದಲ್ಲಿ ನಾವು ಭಾಷೆಯಿಂದ ಅಲ್ಪಸಂಖ್ಯಾತರು. ಆದರೆ ಶಾಲೆಗೆ ಆ ಮಾನ್ಯತೆಯ ಪತ್ರ ಇದೆಯೇ ಎಂದು ಆಡಳಿತ ಮಂಡಳಿಯವರನ್ನು ಕೇಳಿ ನೋಡಬೇಕು. ಬರಿಯ ಕನ್ನಡದ ಫಲಕ ಸಾಲದು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಿಗಂತೂ ಈ ಆಸರೆ ಇಲ್ಲವೇ ಇಲ್ಲ.

ನಮ್ಮಲ್ಲಿ ಕೆಲವರಿಗೆ ಇದು ಅಪಮಾನವೆಂದು ತೋರಿದೆ. ಟಿ.ಇ.ಟಿ. ಇಲ್ಲದ ಗುರುಗಳ ಕೈಯಲ್ಲಿ ಕಲಿತವರೂ ಬಾಳಿನಲ್ಲಿ ಬೆಳಗಿದ್ದಾರೆಂದು ನ್ಯಾಯಾಲಯವೇ ಒಪ್ಪಿದ ಮೇಲೆ ಈ ಶಿಕ್ಷೆ ಏತಕ್ಕೆಂದು ಅವರ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾರೆವು. ಪ್ರವೇಶದ ಬಾಗಿಲಲ್ಲಿ ಕೇಳಬೇಕಾದ ಚೀಟಿಯನ್ನು ಊಟ ಅರ್ಧ ಮುಗಿದ ಮೇಲೆ ಕೇಳಿದಂತಾಯಿತು. ಆದರೂ ಮಕ್ಕಳನ್ನು ವರ್ಷ ವರ್ಷ ಪರೀಕ್ಷೆಗೆ ಕೂರಿಸಿದವರು ನಾವು. ನಮ್ಮ ಸರದಿ ಬಂದಾಗ ಮುಖ ಸಿಂಡರಿಸುವುದು ಚೆನ್ನಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಮರಾಠಿ ಶಾಲೆಯಿಂದ ಒಬ್ಬ ಮಾಸ್ತರ ಹೋದರೆ ಇನ್ನೊಬ್ಬ ಬಂದಾನು. ಕನ್ನಡ ಶಾಲೆಯಿಂದ ಒಬ್ಬಾಕೆ ಬಾಯಿ ಹೋದರೆ ಅವರ ಜಾಗಕ್ಕೆ ಈ ಊರಲ್ಲಿ ಕನ್ನಡ ಬಲ್ಲವರನ್ನು ಎಲ್ಲಿಂದ ತರುವುದು? ಮೊದಲೇ ಪಟದಲ್ಲಿ ಹೆಸರುಗಳು ಕಡಿಮೆ. ವರ್ಗ ಮುಚ್ಚಲು ಒಂದು ನೆಪ ಸಾಕು. ಬಾಗಲಕೋಟೆ, ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗು ಆಮೇಲೆ ಯಾವ ಬಾಗಿಲಿಗೆ ಹೋಗಬೇಕು?

ಪರೀಕ್ಷೆಯೇನೂ ಹುಲಿಯಲ್ಲ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಲೆಕ್ಕ ಹಾಕಿದರೆ ನಿಮಿಷಕ್ಕೊಂದು. ಸಾಮಾನ್ಯ ವರ್ಗದವರು 60 ಪ್ರತಿಶತ, ಅಂದರೆ 90 ಅಂಕ ಪಡೆದರೆ ಆಯಿತು. ತಪ್ಪಿದ ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಒಂದರಿಂದ ಐದರ ತನಕ ಕಲಿಸುವವರಿಗೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯದು. ಮೊದಲನೆಯದರಲ್ಲಿ ಮಕ್ಕಳ ಮನಸ್ಸಿನ ವಿಚಾರ, ಎರಡು ಭಾಷೆ, ಗಣಿತ, ಪರಿಸರ, ತಲಾ ಮೂವತ್ತು.

ತೊಡಕಿರುವುದು ಭಾಷೆಯಲ್ಲಿ. ಕೇಂದ್ರದ ಸಿ.ಟಿ.ಇ.ಟಿ.ಯಲ್ಲಾಗಲಿ ಮಹಾರಾಷ್ಟ್ರದ ಟಿ.ಇ.ಟಿ.ಯಲ್ಲಾಗಲಿ ಕನ್ನಡವನ್ನು ಒಂದು ಭಾಷೆಯಾಗಿ ಆರಿಸಿಕೊಳ್ಳಬಹುದು, ನಿಜ. ಆದರೆ ಕೇಂದ್ರದ ಪತ್ರಿಕೆಯಲ್ಲಿ ಗಣಿತ ಮೊದಲಾದ ಭಾಗಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿರುತ್ತವೆ. ಲಸಾಅ, ಮಸಾಅ ಎಂದು ಕಾಲು ಶತಮಾನ ಬಾಯಿಪಾಠ ಮಾಡಿಸಿದವರು ಅದನ್ನೇ ಎಲ್.ಸಿ.ಎಂ., ಎಚ್.ಸಿ.ಎಫ್. ಎಂದು ಓದಿ ಗುರುತಿಸುವಷ್ಟರಲ್ಲಿ ನಿಮಿಷ ಕಳೆದುಹೋಗುತ್ತದೆ. ಲೆಕ್ಕ ಬಾರದೆ ಅಲ್ಲ, ಹೆಸರು ತಿಳಿಯದೆ ಸೋಲುವುದು.

ಇಲ್ಲಿ ನಿಮ್ಮ ಸಹಾಯ ಬೇಕು. ಬ್ಯಾಂಕಿನಲ್ಲಿ, ರೈಲ್ವೆಯಲ್ಲಿ, ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿರುವವರು ಇಲಾಖೆಯ ಪರೀಕ್ಷೆಗಳನ್ನು ಲೋಕಲ್ ಗಾಡಿಯಲ್ಲಿ ನಿಂತೇ ಓದಿ ಗೆದ್ದವರು. ಇಂಗ್ಲಿಷಿನ ಲೆಕ್ಕ ನಿಮಗೆ ನೀರು ಕುಡಿದಂತೆ. ನಿಮ್ಮಲ್ಲಿ ಹಲವರಿಗೆ ಅಕ್ಷರ ತಿದ್ದಿಸಿದವರು ನಮ್ಮವರೇ. ಈಗ ನೀವು ತಿದ್ದಿಸಿರಿ, ನಮಗೇನೂ ನಾಚಿಕೆಯಿಲ್ಲ.

ಇನ್ನೊಂದು ಸಣ್ಣ ಮಾತು, ಆದರೆ ಇದರಲ್ಲಿ ಎಡವಿದವರು ಬಹಳ. ಊರಿನ ದಾಖಲೆಯಲ್ಲಿ ತಂದೆಯ ಹೆಸರು ಮುಂದೆ, ಇಲ್ಲಿ ನಡುವೆ. ಬಾಯಂದಿರಿಗಂತೂ ಮದುವೆಯ ಮುಂಚೆ ಒಂದು ಹೆಸರು, ಆಮೇಲೆ ಒಂದು. ಹತ್ತನೆಯ ಇಯತ್ತೆಯ ಪ್ರಮಾಣಪತ್ರ, ಡಿ.ಎಡ್., ಆಧಾರ್, ಸೇವಾ ಪುಸ್ತಕ, ಇವುಗಳಲ್ಲಿ ಹೆಸರು ಒಂದೇ ಬಗೆಯಾಗಿದೆಯೇ ಎಂದು ಅರ್ಜಿ ತುಂಬುವ ಮೊದಲೇ ನೋಡಿಕೊಳ್ಳಬೇಕು. ಕೊನೆಯ ದಿನ ಓಡಾಡಿದರೆ ಆಗದು.

ವಾಚನಾಲಯದ ಕಾರ್ಯದರ್ಶಿಗಳು ರವಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಕಿಟಕಿಯ ಬದಿಯ ಉದ್ದನೆಯ ಮೇಜನ್ನು ನಮಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಪತ್ರಿಕೆ ಓದಲು ಬರುವವರು ಆ ಎರಡು ಗಂಟೆ ಈಚೆಯ ಬೆಂಚುಗಳಲ್ಲಿ ಕೂರಬೇಕೆಂದು ಬೇಡಿಕೆ. ಗಣಿತ ಹೇಳಿಕೊಡಬಲ್ಲವರು ಬಾಗಿಲ ಬಳಿಯ ವಹಿಯಲ್ಲಿ ಇಂದೇ ಹೆಸರು ಬರೆದು ಹೋಗಬೇಕು. ಪೆನ್ಸಿಲು ದಾರದಲ್ಲಿ ಕಟ್ಟಿದೆ.