ಹಂಪಿಯ ಬೇಲಿಯಾಚೆ ಒಂದು ದಿನ

ಹಂಪಿ ಅಂದ ತಕ್ಷಣ ನಮ್ಮ ಫೋನ್‌ನಲ್ಲಿ ಸಿಗೋದು ಕಲ್ಲಿನ ರಥ, ಕಮಲ ಮಹಲ್, ಮಾತಂಗ ಬೆಟ್ಟದ ಸೂರ್ಯೋದಯ. ಇವತ್ತಿನ ಕಥೆ ಅಲ್ಲಿಂದ ಸ್ವಲ್ಪ ದೂರದ್ದು. ಟಿಕೆಟ್ ಇಲ್ಲ, ಬೇಲಿ ಇಲ್ಲ, ಬೋರ್ಡೂ ಇಲ್ಲ. ಊರಿನ ಹೆಸರು ಹೇಳಲ್ಲ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಪುರಾತತ್ವ ಅಂದ್ರೆ ನೆಲ ಅಗೆಯೋದು ಅಂತಲೇ ನಾನು ಅಂದ್ಕೊಂಡಿದ್ದೆ. ಪರಿಚಯದ ಸಂಶೋಧಕರೊಬ್ಬರು, "ಒಂದು ದಿನ ನಮ್ಮ ಜೊತೆ ನಡೆದು ನೋಡಿ" ಅಂದ್ರು. ಬೆಳಗ್ಗೆ ಆರೂವರೆಗೆ ಆರು ಜನ, 20 ಮೀಟರ್ ಅಂತರದಲ್ಲಿ ಸಾಲಾಗಿ ನಿಂತೆವು. ಗುದ್ದಲಿ ಇಲ್ಲ. ಕೈಯಲ್ಲಿ ಜಿಪಿಎಸ್, ಅಳತೆ ಟೇಪು, ಫಾರ್ಮು ಅಷ್ಟೇ. ನೆಲ ನೋಡ್ತಾ ನೇರವಾಗಿ ನಡೀಬೇಕು, ಕಂಡಿದ್ದನ್ನು ಬರೀಬೇಕು. ಏನೂ ಕಾಣದಿದ್ರೆ 'ಏನೂ ಇಲ್ಲ' ಅಂತಲೂ ಬರೀಬೇಕು. ಬಿ.ಕಾಂ ಓದಿದ ನನಗೆ ಅಂಗಡಿಯ ಸ್ಟಾಕ್ ಲೆಕ್ಕ ಹಾಕಿದ ಹಾಗೇ ಅನಿಸ್ತು.

ಈ ಕೆಲಸ ಇಲ್ಲಿ ಹೊಸದಲ್ಲ. 1987ರಿಂದ ಸುಮಾರು ಹತ್ತು ವರ್ಷ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಅನ್ನೋ ಇಬ್ಬರು ಪುರಾತತ್ವಜ್ಞರು ತಂಡ ಕಟ್ಟಿಕೊಂಡು ವಿಜಯನಗರದ ಸುತ್ತಲಿನ ಹೊಲ, ಗುಡ್ಡಗಳನ್ನು ಹೀಗೇ ನಡೆದು ದಾಖಲಿಸಿದರು. 700ಕ್ಕೂ ಹೆಚ್ಚು ನೆಲೆಗಳು ಪಟ್ಟಿಗೆ ಸೇರಿದವು. ಕೆರೆ ಏರಿ, ಕಾಲುವೆ, ಹಳೇ ರಸ್ತೆ, ಕೋಟೆ ಗೋಡೆ, ಸಣ್ಣ ಗುಡಿ, ಕಬ್ಬಿಣ ಕಾಯಿಸಿದ ಜಾಗದ ಕಿಟ್ಟ. 1565ರ ಯುದ್ಧ ಆದ್ಮೇಲೆ ಪಟ್ಟಣ ಹಾಳಾಯ್ತು ಅಂತ ಶಾಲೆಯಲ್ಲಿ ಓದಿದೀವಿ. ಆದರೆ ಅಷ್ಟು ದೊಡ್ಡ ಪಟ್ಟಣಕ್ಕೆ ಅನ್ನ ಬೆಳೆದವರು ಯಾರು, ನೀರು ಎಲ್ಲಿಂದ ಬಂತು? ಇದಕ್ಕೆ ಉತ್ತರ ಇರೋದು ಇಂಥ ಹೊರಗಿನ ಜಾಗಗಳಲ್ಲಿ.

ಹನ್ನೊಂದು ಗಂಟೆ ಹೊತ್ತಿಗೆ ನನಗೊಂದು ಕಪ್ಪು ಮಡಕೆ ಚೂರು ಸಿಕ್ತು. ಕುಂಟೆಬಿಲ್ಲೆ ಆಡೋ ಬಿಲ್ಲೆಯಷ್ಟು. ನೆನಪಿಗಿರಲಿ ಅಂತ ಜೇಬಿಗೆ ಹಾಕ್ಕೊಂಡೆ. ಊಟದ ಹೊತ್ತಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಬೈಯಲಿಲ್ಲ. "ಎಲ್ಲಿ ಸಿಕ್ತು?" ಅಂದ್ರು.

"ಅಲ್ಲೇ ಸರ್, ಆ ಬಂಡೆ ಹತ್ರ."

"ಯಾವ ಬಂಡೆ?"

ತಿರುಗಿ ನೋಡಿದೆ. ಹಂಪಿ ಕಡೆ ಬಂಡೆಗೆ ಬರವೇ!

"ಇದು ಪಾತ್ರೆಯ ಬಾಯಂಚು. ಬಾಯಿ ಎಷ್ಟಗಲ ಇತ್ತು ಅಂತ ಈಗಲೂ ಅಳೀಬಹುದು. ಆದರೆ ಅಲ್ಲೊಂದು ಮನೆ ಇತ್ತಾ, ಇಲ್ಲಾ ತಿಪ್ಪೆಗೊಬ್ಬರದ ಜೊತೆ ಚೂರು ಹೊಲಕ್ಕೆ ಬಂತಾ, ಅದನ್ನ ಇನ್ನು ಹೇಳೋಕಾಗಲ್ಲ" ಅಂದ್ರು.

ದಿನಾಂಕ, ಹೆಸರು ಇಲ್ಲದ ವೋಚರ್ ಥರ. ಮೊತ್ತ ಇದೆ, ಲೆಕ್ಕಕ್ಕೆ ಬರಲ್ಲ. ಫಾರ್ಮಿನಲ್ಲಿ 'ಸ್ಥಳ ಖಚಿತವಿಲ್ಲ' ಅಂತ ನನ್ನ ಕೈಯಲ್ಲೇ ಬರೆಸಿದರು.

ಸಂಜೆ ಹೊಲದ ಅಜ್ಜ ಒಬ್ಬರು ಬಂದು ಕೇಳಿದರು, "ಏನ್ ತಮ್ಮಾ, ನಿಧಿ ಹುಡುಕಾಕ ಬಂದೀರೇನು?" ನಾನು ನಕ್ಕೆ, ಅವರು ನಗಲಿಲ್ಲ. ಹೊಲದ ಪಕ್ಕದ ಗುಡಿಯಲ್ಲಿ ರಾತ್ರೋರಾತ್ರಿ ಯಾರೋ ಪೀಠ ಕಿತ್ತು ಗುಂಡಿ ತೋಡಿದ್ದರಂತೆ. ಆ ಗುಂಡಿ ನಾನೂ ಬೆಳಗ್ಗೆ ನೋಡಿದ್ದೆ, ಮಳೆಗೆ ಕುಸಿದಿದೆ ಅಂದ್ಕೊಂಡಿದ್ದೆ. ಅದೇ ಗುಡಿ ಮುಂದೆ ನಿಂತು ಸ್ಟೋರಿನೂ ಹಾಕಿದ್ದೆ, ಲೊಕೇಶನ್ ಸಮೇತ. ಅಲ್ಲೇ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಇನ್ನೂರು ಚಿಲ್ಲರೆ ಜನ ನೋಡಿಯಾಗಿತ್ತು.

ಊರಿನ ಹೆಸರು ಹೇಳದೇ ಇದ್ದಿದ್ದು ಅದಕ್ಕೇ.

ಹಂಪಿಗೆ ಹೋಗಿ, ಸುತ್ತಾಡಿ. ಆದರೆ ಕಾಲಿಗೆ ಸಿಕ್ಕಿದ ಚೂರನ್ನು ಎತ್ಕೊಂಡು ಬರಬೇಡಿ. ಪಕ್ಕದಲ್ಲೊಂದು ಪೆನ್ನಿಟ್ಟು ಫೋಟೋ ತೆಗೀರಿ, ಗಾತ್ರ ಗೊತ್ತಾಗುತ್ತೆ. ಲೊಕೇಶನ್ನನ್ನು ಸ್ಟೋರಿಗೆ ಹಾಕಬೇಡಿ, ಪುರಾತತ್ವ ಇಲಾಖೆಗೆ ಕಳಿಸಿ. ಆ ಗುಡಿ ಕಾಯೋಕೆ ಈಗ ಇರೋದು ಆ ಅಜ್ಜ ಒಬ್ಬರೇ. ನಾವು ಅವರ ಕೆಲಸ ಹೆಚ್ಚು ಮಾಡೋದು ಬೇಡ.

ಮುಂದಿನ ವಾರ ಸಿಗೋಣ.