ಮನೆಗೊಂದು ವಿಡಿಯೊ ಗೇಮ್: ಕೊಳ್ಳೋಣವೇ, ಬೇಡವೇ?



ಇಂದಿನ ಮಾತು ಒಂದು ಸಣ್ಣ ಯಂತ್ರದ ಬಗ್ಗೆ. ನಡುವೆ ಪರದೆ, ಎರಡೂ ಬದಿಗೆ ಗುಂಡಿಗಳು. ಎರಡು ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್, ಅಂದರೆ ಕೈಗೇಮ್. ಪರೀಕ್ಷೆ ಮುಗಿಯುವ ಹೊತ್ತಿಗೆ, ಹುಟ್ಟುಹಬ್ಬ ಹತ್ತಿರವಾದಾಗ ಮಕ್ಕಳು ಇದನ್ನು ಕೇಳುತ್ತಾರೆ. ಕೆಲವು ಮನೆಗಳಲ್ಲಿ ಅಪ್ಪನಿಗೋ ಅಮ್ಮನಿಗೋ ಆಸೆ ಇರುತ್ತದೆ, ಹೇಳಿಕೊಳ್ಳಲು ಸಂಕೋಚ. ಕೊಳ್ಳಬೇಕೇ, ಬೇಡವೇ ಎಂದು ಹೇಗೆ ತೀರ್ಮಾನಿಸುವುದು? ನಿಧಾನವಾಗಿ ನೋಡೋಣ.

ಮಾತಿಗೆ ಅನುಕೂಲವಾಗಲಿ ಎಂದು ಒಂದು ಊರು, ಒಂದು ಮನೆ ಕಲ್ಪಿಸಿಕೊಳ್ಳೋಣ. ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ಪೀಣ್ಯ, ದಾಸರಹಳ್ಳಿ, ಮಾದಾವರ ದಾಟಿ, ನೆಲಮಂಗಲಕ್ಕೆ ಮುಂಚೆ ಮಾಕಳಿ ಸಿಗುತ್ತದೆ. 2024ರ ನವೆಂಬರ್ 7ರಂದು ಮೆಟ್ರೊದ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ಬಂದ ಮೇಲೆ ಈ ಊರಿಗೆ ಮೆಜೆಸ್ಟಿಕ್ ಇನ್ನಷ್ಟು ಹತ್ತಿರವಾಗಿದೆ. ಇಲ್ಲೊಂದು ಮನೆ. ಅಪ್ಪ ಪೀಣ್ಯದ ಕಾರ್ಖಾನೆಗೆ ಹೋಗುತ್ತಾರೆ, ಅಮ್ಮ ಮೆಟ್ರೊ ಹತ್ತಿ ಕಚೇರಿಗೆ. ಮನೆಯಲ್ಲಿ ಅಜ್ಜಿ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಹೊರಗೆ ಹೆದ್ದಾರಿ, ಮಕ್ಕಳನ್ನು ಒಂಟಿಯಾಗಿ ಆಡಲು ಬಿಡಲು ಅಜ್ಜಿಗೆ ಭಯ. ಹಾಲ್‌ನಲ್ಲಿ ಒಂದೇ ಟಿವಿ, ಸಂಜೆ ಅದರಲ್ಲಿ ಧಾರಾವಾಹಿ.

ಈ ಮನೆಯಲ್ಲಿ ಈಗ ವಿಡಿಯೊ ಗೇಮ್ ಇಲ್ಲವೇ? ಇದೆ. ಅಮ್ಮನ ಮೊಬೈಲಿನಲ್ಲಿದೆ. ಅಮ್ಮ ಬಂದು ಚಪ್ಪಲಿ ಬಿಡುವುದರೊಳಗೆ ಮಕ್ಕಳ ಕೈ ಆ ಮೊಬೈಲಿನ ಮೇಲಿರುತ್ತದೆ. ಹಾಗಾಗಿ "ಮಕ್ಕಳಿಗೆ ಗೇಮ್ ಬೇಕೇ ಬೇಡವೇ" ಎಂಬ ಪ್ರಶ್ನೆಯ ಕಾಲ ಮುಗಿದಿದೆ. ಯಾವ ಗೇಮ್, ಯಾವುದರಲ್ಲಿ, ಯಾವಾಗ, ಯಾರ ಜೊತೆ? ಈಗ ಕೇಳಬೇಕಾದದ್ದು ಇದನ್ನು.

ಮೊಬೈಲಿನ ಗೇಮುಗಳಲ್ಲಿ ಬಹುಪಾಲು ಉಚಿತ. ಮಾಡಿದವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಒಂದು, ಜಾಹೀರಾತಿನಿಂದ. ಇನ್ನೊಂದು, ಆಟದ ಒಳಗೆ ಮಾರುವ ನಾಣ್ಯ, ವೇಷ, ಆಯುಧಗಳಿಂದ. ಎರಡಕ್ಕೂ ಮಗು ಹೆಚ್ಚು ಹೊತ್ತು ಅಲ್ಲೇ ಕೂತಿರಬೇಕು, ನಾಳೆ ಮತ್ತೆ ಬರಬೇಕು. ಅದಕ್ಕೇ ದಿನಕ್ಕೊಂದು ಬಹುಮಾನ. ಒಂದು ದಿನ ತಪ್ಪಿಸಿದರೆ ಗಳಿಸಿದ್ದೆಲ್ಲ ಹೋಗುತ್ತದೆ ಎಂಬ ಹೆದರಿಕೆ. "ಇನ್ನೊಂದು ಜೀವ ಬೇಕಾದರೆ ಈ ಜಾಹೀರಾತು ನೋಡು" ಎಂಬ ಆಮಿಷ. ಇಂಥ ಆಟಗಳು ಮುಗಿಯುವುದಿಲ್ಲ. ಮುಗಿಯಬಾರದು ಎಂದೇ ಅವನ್ನು ಕಟ್ಟಿರುತ್ತಾರೆ.

ಇದಕ್ಕೆ ಎದುರಾಗಿ ಅಜ್ಜಿ ಆಡುತ್ತಿದ್ದ ಚೌಕಾಬಾರವನ್ನು ನೋಡಿ. ನೆಲದ ಮೇಲೆ ಸೀಮೆಸುಣ್ಣದ ಮನೆಗಳು, ನಾಲ್ಕು ಕವಡೆ. ಕಾಯಿಗಳೆಲ್ಲ ನಡುಮನೆ ಸೇರಿ ಹಣ್ಣಾದರೆ ಆಟ ಮುಗಿಯಿತು. ಗೆದ್ದವರು ಗೆದ್ದರು, ಸೋತವರು ಸೋತರು, ಎಲ್ಲರೂ ಎದ್ದು ಊಟಕ್ಕೆ ಹೊರಟರು. ಆಟಕ್ಕೊಂದು ಕೊನೆ ಇದ್ದರೆ ಎದ್ದು ಹೋಗಲು ಯಾರೂ ಬೈಯಬೇಕಾಗಿಲ್ಲ.

ಕೈಗೇಮ್ ಕೊಳ್ಳುವ ಪರವಾಗಿ ನಾನು ಹೇಳಬಲ್ಲ ದೊಡ್ಡ ಮಾತು ಇದೇ. ಅದರಲ್ಲಿ ಒಮ್ಮೆ ದುಡ್ಡು ಕೊಟ್ಟು ಕೊಂಡು, ಆಡಿ ಮುಗಿಸಬಹುದಾದ ಆಟಗಳು ಬೇಕಾದಷ್ಟು ಸಿಗುತ್ತವೆ. ಒಗಟು ಬಿಡಿಸುವ, ಓಟದ, ಕಥೆ ಇರುವ ಆಟಗಳು. ಹಂತ ಇದೆ, ಕೊನೆ ಇದೆ, ನಡುವೆ ಜಾಹೀರಾತಿಲ್ಲ. ಅಮ್ಮನ ಮೊಬೈಲಿನಲ್ಲಿರುವ ಬ್ಯಾಂಕ್ ಆ್ಯಪ್, ಸಂದೇಶ, ರೀಲ್ಸ್ ಯಾವುದೂ ಅಲ್ಲಿ ಪಕ್ಕದಲ್ಲಿರುವುದಿಲ್ಲ. ಆದರೆ ಒಂದು ಎಚ್ಚರಿಕೆ. ಈ ಯಂತ್ರಗಳಲ್ಲೂ ಮುಗಿಯದ ಉಚಿತ ಆಟಗಳು ಸಿಗುತ್ತವೆ. ಯಂತ್ರ ಕೊಂಡು, ಅದರಲ್ಲಿ ಮತ್ತೆ ಅವನ್ನೇ ತುಂಬಿದರೆ ಕೊಟ್ಟ ದುಡ್ಡು ದಂಡ.

ಇನ್ನೊಂದು ಮಾತನ್ನು ಇಲ್ಲೇ ಬಿಡಿಸಿ ಹೇಳಿಬಿಡಬೇಕು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಮನೆಯಲ್ಲಿ ಮನರಂಜನೆಗೆ ಆಡುವ ಗೇಮಿಗೂ ಆ ನಿಷೇಧಕ್ಕೂ ಸಂಬಂಧವಿಲ್ಲ. ಅವೆರಡನ್ನೂ ಒಂದೇ ಎಂದುಕೊಂಡು ಹಿರಿಯರು ಹೆದರಬೇಕಾಗಿಲ್ಲ.

ಈ ಯಂತ್ರದ ಹುಟ್ಟಿನ ಕಥೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜಪಾನಿನ ನಿಂಟೆಂಡೊ ಕಂಪನಿಯಲ್ಲಿ ಗುನ್‌ಪೇ ಯೊಕೊಯ್ ಎಂಬ ತಂತ್ರಜ್ಞರಿದ್ದರು. ರೈಲಿನಲ್ಲಿ ಹೊತ್ತು ಹೋಗದ ಪ್ರಯಾಣಿಕನೊಬ್ಬ ಕ್ಯಾಲ್‌ಕ್ಯುಲೇಟರ್ ಗುಂಡಿ ಒತ್ತುತ್ತಾ ಕೂತಿದ್ದನ್ನು ಕಂಡು ಅವರಿಗೆ ಜೇಬಿನ ಗೇಮ್ ಹೊಳೆಯಿತು ಎಂದು ಹೇಳುತ್ತಾರೆ. 1980ರಲ್ಲಿ ಅವರ 'ಗೇಮ್ ಆ್ಯಂಡ್ ವಾಚ್' ಬಂತು, 1989ರಲ್ಲಿ 'ಗೇಮ್ ಬಾಯ್'. ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ಎಂಬತ್ತರ ದಶಕದಲ್ಲಿ ರೂಪಿಸಿದ್ದ ಟೆಟ್ರಿಸ್ ಆಟ ಗೇಮ್ ಬಾಯ್ ಜೊತೆ ಸೇರಿ ಲೋಕವನ್ನೆಲ್ಲ ಸುತ್ತಿತು. ಮೇಲಿನಿಂದ ಬೀಳುವ ಇಟ್ಟಿಗೆ ಜೋಡಿಸುವ ಆ ಆಟ ತೊಂಬತ್ತರ ದಶಕದಲ್ಲಿ ನಮ್ಮ ಜಾತ್ರೆ, ಫ್ಯಾನ್ಸಿ ಸ್ಟೋರುಗಳಲ್ಲೂ ಅಗ್ಗದ 'ಬ್ರಿಕ್ ಗೇಮ್' ಆಗಿ ಸಿಕ್ಕಿತು. ಈಗ ನಲವತ್ತರ ಆಸುಪಾಸಿನಲ್ಲಿರುವ ಎಷ್ಟೋ ತಂದೆತಾಯಿಗಳ ಬೆರಳಿಗೆ ಅದರ ನೆನಪಿದೆ.

ಅಂದರೆ, ಕೈಗೇಮ್ ಹೊಳೆದದ್ದು ಕೆಲಸಕ್ಕೆ ಹೋಗಿಬರುವ ದೊಡ್ಡವರನ್ನು ನೋಡಿ. ಇವತ್ತಿಗೂ ಚಿಕ್ಕ ಮಕ್ಕಳಿರುವ ತಂದೆತಾಯಿಗೆ ಇದು ಹೊಂದುವುದಕ್ಕೆ ಕಾರಣ ಅದೇ. ಮಗು ಅತ್ತಿತು ಎಂದುಕೊಳ್ಳಿ. ಗುಂಡಿ ಒತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತದೆ. ಎರಡು ದಿನ ಬಿಟ್ಟು ತೆಗೆದರೂ ಅಲ್ಲಿಂದಲೇ ಮುಂದುವರಿಯುತ್ತದೆ. ಟಿವಿ ಬೇಕಾಗಿಲ್ಲ, ಯಾರ ಧಾರಾವಾಹಿಯೂ ತಪ್ಪುವುದಿಲ್ಲ. ದಿನವೆಲ್ಲ ದುಡಿದು ಬಂದವರಿಗೆ ಅರ್ಧ ಗಂಟೆ ಆಟ ಬೇಕೆನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಯಾರಿಗಾಗಿ ಕೊಳ್ಳುತ್ತಿದ್ದೇವೆ ಎಂಬುದನ್ನು ಮನೆಯಲ್ಲಿ ನೇರವಾಗಿ ಹೇಳಿಕೊಳ್ಳಬೇಕು. ಅಪ್ಪನಿಗೆಂದು ಕೊಳ್ಳುವುದು ಬೇರೆ, ಇಬ್ಬರು ಮಕ್ಕಳಿಗೆಂದು ಕೊಳ್ಳುವುದು ಬೇರೆ.

ಈಗ ಮಾರುಕಟ್ಟೆಗೆ ಬರೋಣ. ಸ್ಥೂಲವಾಗಿ ಮೂರು ಬಗೆ.

ಮೊದಲನೆಯದು ಕೆಲವು ನೂರು ರೂಪಾಯಿಗೆ ಸಿಗುವ ಅಂಗೈಯಗಲದ ಪೆಟ್ಟಿಗೆ. ಮೇಲೆ '400 ಆಟ' ಎಂದು ಬರೆದಿರುತ್ತದೆ. ಹಳೆಯ ಆಟಗಳು, ಇಂಟರ್‌ನೆಟ್ ಇಲ್ಲ. ಕೆಲವು ದಿನದ ಖುಷಿಗೆ ಸಾಕು. ಆದರೆ ಇವುಗಳಲ್ಲಿರುವ ಆಟಗಳಲ್ಲಿ ಬಹಳಷ್ಟು ಮೂಲ ಕಂಪನಿಯ ಒಪ್ಪಿಗೆ ಇಲ್ಲದ ನಕಲು, ಅದು ಗೊತ್ತಿರಲಿ.

ಎರಡನೆಯದು ನಿಂಟೆಂಡೊ ಸ್ವಿಚ್. 2017ರ ಮಾರ್ಚ್‌ನಲ್ಲಿ ಬಂದದ್ದು. ಸ್ವಿಚ್ 2 ಎಂಬ ಹೊಸದು 2025ರ ಜೂನ್‌ನಲ್ಲಿ ಬಂತು. ಕುಟುಂಬಕ್ಕೆ ಇದು ಹೆಚ್ಚು ಹೊಂದುತ್ತದೆ. ಟಿವಿಗೆ ಜೋಡಿಸಬಹುದು, ಎರಡು ಬದಿಯ ಹಿಡಿಗಳನ್ನು ಬಿಚ್ಚಿ ಅಕ್ಕ ತಮ್ಮ ಒಂದೊಂದು ಹಿಡಿದು ಒಟ್ಟಿಗೆ ಆಡಬಹುದು. ಅದರ ತಮ್ಮನಾದ ಸ್ವಿಚ್ ಲೈಟ್ 275 ಗ್ರಾಂ ಮಾತ್ರ, ಬೆಲೆಯೂ ಕಡಿಮೆ. ಆದರೆ ಅದು ಟಿವಿಗೆ ಜೋಡಿಸಲು ಬರುವುದಿಲ್ಲ, ಹಿಡಿ ಬಿಚ್ಚಲು ಬರುವುದಿಲ್ಲ. ಇಬ್ಬರು ಮಕ್ಕಳಿರುವ ಮನೆಗೆ ಲೈಟ್ ತಂದರೆ ಜಗಳವನ್ನೂ ಜೊತೆಗೆ ತಂದಂತೆ.

ಮೂರನೆಯದು ಕೈಯಲ್ಲಿ ಹಿಡಿಯುವ ಕಂಪ್ಯೂಟರು. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರಲ್ಲಿ ಬಂತು, ತೂಕ 669 ಗ್ರಾಂ. ಅಸೂಸ್ ಕಂಪನಿಯ ಆರ್‌ಒಜಿ ಅಲೈ 2023ರ ಜುಲೈನಲ್ಲಿ ಭಾರತಕ್ಕೆ ಬಂದಾಗ ಬೆಲೆ 69,990 ರೂಪಾಯಿ. ಆರು ವರ್ಷದ ಮಗುವಿನ ಕೈಗೆ ಇವು ಭಾರ, ದೊಡ್ಡವರಿಗೆ ಸರಿ. ಇವುಗಳ ಅನುಕೂಲ ಎಂದರೆ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಆಟಗಳು ರೂಪಾಯಿ ಲೆಕ್ಕದಲ್ಲಿ ಸಿಗುತ್ತವೆ, ಆಗಾಗ ದೊಡ್ಡ ರಿಯಾಯಿತಿ ಇರುತ್ತದೆ, ಒಂದು ಕುಟುಂಬದ ಆರು ಜನ ತಮ್ಮ ಆಟಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯೂ ಇದೆ.

ಇವುಗಳ ಪಕ್ಕದಲ್ಲೇ ಪ್ಲೇಸ್ಟೇಷನ್ ಪೋರ್ಟಲ್ ಎಂಬುದನ್ನೂ ಇಟ್ಟಿರುತ್ತಾರೆ. ನೋಡಲು ಹಾಗೇ ಇದೆ, ಬೆಲೆ ಕಡಿಮೆ. ಆದರೆ ಅದು ಮುಖ್ಯವಾಗಿ ಮನೆಯಲ್ಲಿ ಪ್ಲೇಸ್ಟೇಷನ್ 5 ಯಂತ್ರ ಮತ್ತು ಒಳ್ಳೆಯ ವೈಫೈ ಇದ್ದವರಿಗೆ. ತಿಳಿಯದೆ ತಂದುಬಿಡಬೇಡಿ.

ಮಾಕಳಿಯ ಮನೆಯವರು ಎಲ್ಲಿಗೆ ಹೋಗಬೇಕು? ಮಾದಾವರದಲ್ಲಿ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್ಕಿನಲ್ಲಿಳಿದು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್, ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರಸ್ತೆ. ಎರಡೂ ಒಂದೇ ಹಸಿರು ಮಾರ್ಗದಲ್ಲಿವೆ. ಆದರೆ ನಿಂಟೆಂಡೊ ಮತ್ತು ಸ್ಟೀಮ್ ಡೆಕ್ ಎರಡಕ್ಕೂ ಭಾರತದಲ್ಲಿ ಕಂಪನಿಯ ಅಧಿಕೃತ ಮಾರಾಟ ಇಲ್ಲ. ಅಂಗಡಿಯವರು ಹೊರದೇಶದಿಂದ ತರಿಸಿ ಮಾರುತ್ತಾರೆ. ಹಾಗಾಗಿ ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. ಕೆಟ್ಟರೆ ಕಂಪನಿಯ ಬಾಗಿಲು ತಟ್ಟುವಂತಿಲ್ಲ, ಅಂಗಡಿಯವರ ಮಾತೇ ವಾರಂಟಿ. ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಗುಂಡಿ, ಪರದೆ, ಚಾರ್ಜರ್ ಎಲ್ಲವನ್ನೂ ಅಲ್ಲೇ ಹಾಕಿ ನೋಡಿ.

ಯಂತ್ರದ ಬೆಲೆಯಷ್ಟನ್ನೇ ಲೆಕ್ಕ ಹಾಕಿದರೆ ಸಾಲದು. ಆಟಗಳಿಗೆ ಬೇರೆ ದುಡ್ಡು. ದೊಡ್ಡ ಕಂಪನಿಗಳ ಹೊಸ ಆಟ ಒಂದಕ್ಕೇ ಮೂರು ನಾಲ್ಕು ಸಾವಿರ ಆಗಬಹುದು. ಮೆಮೊರಿ ಕಾರ್ಡು, ಕವರು ಬೇರೆ. ಉಳಿಸುವ ದಾರಿಯೂ ಇದೆ. ಸ್ವಿಚ್‌ನ ಆಟ ಚಿಕ್ಕ ಕಾರ್ಡಿನ ರೂಪದಲ್ಲಿ ಸಿಗುತ್ತದೆ. ಮುಗಿಸಿದ ಮೇಲೆ ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು, ಮಾರಬಹುದು. ಸ್ಟೀಮ್‌ನಲ್ಲಿ ಕೊಂಡ ಆಟ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹದಿನಾಲ್ಕು ದಿನದೊಳಗೆ ಹಿಂದಿರುಗಿಸಿ ದುಡ್ಡು ಪಡೆಯಬಹುದು. ಸಾಲದ ಕಂತು ಕಟ್ಟಿ ಕೊಳ್ಳಬೇಕಾದ ಸ್ಥಿತಿ ಇದ್ದರೆ ನನ್ನ ಸಲಹೆ ಸ್ಪಷ್ಟ: ಈಗ ಬೇಡ.

ಇನ್ನು ಆರೋಗ್ಯದ ಮಾತು. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಎರಡರಿಂದ ಐದು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತಕ್ಕೆ ಎರಡು ಗಂಟೆಯೊಳಗೆ ಇರಬೇಕು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಕೊಟ್ಟಿರುವ ಮಾರ್ಗಸೂಚಿ ಇದು. ಟಿವಿ, ಮೊಬೈಲ್, ಗೇಮ್ ಎಲ್ಲ ಸೇರಿ ಇಷ್ಟು. ಕೈಗೇಮ್ ಬಂದರೆ ಅದರ ಹೊತ್ತು ಮೊಬೈಲಿನ ಹೊತ್ತಿನಿಂದ ಕಡಿತವಾಗಬೇಕು, ಅದಕ್ಕೆ ಸೇರಬಾರದು. ಬೆಳೆಯುವ ಕಣ್ಣಿಗೆ ಹಗಲಿನ ಬೆಳಕಿನಲ್ಲಿ ಹೊರಗಿರುವುದು ಬಹಳ ಮುಖ್ಯ. ಭಾನುವಾರ ಬೆಳಗ್ಗೆ ಹೊರಗೆ ಆಡುವ ಹೊತ್ತಿಗೆ ಕೈಗೇಮ್ ಕೈಹಾಕಬಾರದು.

ಆಡುವವರೆಲ್ಲ ಗೀಳಿಗೆ ಬೀಳುತ್ತಾರೆಯೇ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದಾಗ ಗುರುತುಗಳನ್ನೂ ಹೇಳಿತು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದ ಎಲ್ಲಕ್ಕಿಂತ ಆಟವೇ ಮೊದಲಾಗುವುದು, ತೊಂದರೆಯಾಗುತ್ತಿದ್ದರೂ ನಿಲ್ಲಿಸಲಾಗದಿರುವುದು. ಓದು, ನಂಟು, ದಿನಚರಿ ಕೆಡುವಷ್ಟು ತೀವ್ರವಾಗಿ, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇವು ಕಂಡಾಗ ಕಾಯಿಲೆ ಎನ್ನುತ್ತಾರೆ. ಅಂಥ ಸುಳಿವು ಕಂಡರೆ ಬೈದು ಕಸಿದುಕೊಳ್ಳುವುದರಿಂದ ಗುಣವಾಗುವುದಿಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್ ಕ್ಲಿನಿಕ್' ಎಂಬ ವಿಭಾಗ ಇದಕ್ಕಾಗಿಯೇ ಕೆಲಸ ಮಾಡುತ್ತಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಂದು, ನಾಲ್ಕು, ನಾಲ್ಕು, ಒಂದು, ಆರು ಎಂದು ಬರೆದುಕೊಳ್ಳಿ.

ಕೊಳ್ಳುವುದೆಂದು ತೀರ್ಮಾನವಾದರೆ ಯಂತ್ರ ಮನೆಗೆ ಬರುವ ಮುಂಚೆಯೇ ಕೆಲವು ಮಾತು ಆಗಿರಲಿ. ಅದು ಮನೆಯ ಸ್ವತ್ತು, ಒಬ್ಬರದಲ್ಲ. ಆಡುವುದೂ ಚಾರ್ಜಿಗೆ ಹಾಕುವುದೂ ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಲ್ಲ. ಪಾಸ್‌ವರ್ಡ್ ತಂದೆತಾಯಿ ಬಳಿ. ಬ್ಯಾಂಕ್ ಕಾರ್ಡಿನ ವಿವರವನ್ನು ಅದರೊಳಗೆ ಉಳಿಸಬೇಡಿ. ಆಟದ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 3, 7, 12, 16, 18 ಎಂದು ವಯಸ್ಸಿನ ಗುರುತಿರುತ್ತದೆ. ಅದನ್ನು ಓದಿಯೇ ಕೊಳ್ಳಿ. ನಿಲ್ಲಿಸುವ ಹೊತ್ತಾದಾಗ ಐದು ನಿಮಿಷ ಮುಂಚೆ ಹೇಳಿ, ಆ ಹಂತ ಮುಗಿಸಲು ಬಿಡಿ. ನಡುವೆ ಕಿತ್ತುಕೊಂಡರೆ ಮಗುವಿಗೆ ಆಗುವ ಸಂಕಟ ನಿಜವಾದದ್ದು.

ಇನ್ನೂ ಒಂದು ವಿಷಯವಿದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ. ಎಷ್ಟೋ ಮನೆಗಳಲ್ಲಿ ಗೇಮ್ ಮಗನ ಕೈಗೆ ಹೋಗುತ್ತದೆ, ಮಗಳು ಅಡುಗೆಮನೆಗೆ ಹೋಗುತ್ತಾಳೆ. ಸರದಿ ಎಂದ ಮೇಲೆ ಮಗಳದೂ ಸಮನಾಗಿರಲಿ, ಅಮ್ಮನದೂ ಇರಲಿ. ಇದು ಬರೀ ಆಟದ ಮಾತೂ ಅಲ್ಲ, ಈ ಆಟಗಳನ್ನು ಕಟ್ಟುವುದು ಇವತ್ತು ಒಳ್ಳೆಯ ಉದ್ಯೋಗ. 1997ರಲ್ಲಿ ರಾಜೇಶ್ ರಾವ್ ಇದೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರು ಮಾಡಿದರು. 2019ರಲ್ಲಿ ಹೆಸರಾಂತ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಆ ಲೋಕದ ಬಾಗಿಲು ನಮ್ಮ ಹೆಣ್ಣುಮಕ್ಕಳಿಗೂ ತೆರೆದಿರಬೇಕು.

ಕೊನೆಗೆ ಆ ಮಾಕಳಿಯ ಮನೆಗೆ ನಾನು ಏನು ಹೇಳುತ್ತೇನೆ? ಅವಸರ ಬೇಡ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಒಂದು ಸಾಧಾರಣ ಜಾಯ್‌ಸ್ಟಿಕ್ ತಂದು, ಕೊನೆ ಇರುವ ಒಂದು ಸಣ್ಣ ಆಟ ಹಾಕಿಕೊಂಡು ಒಂದು ತಿಂಗಳು ಆಡಿ ನೋಡಿ. ಸರದಿ ನಡೆಯುತ್ತದೆಯೇ, ಹೇಳಿದ ಹೊತ್ತಿಗೆ ಏಳುತ್ತಾರೆಯೇ, ಮೊಬೈಲಿನ ಹೊತ್ತು ಇಳಿಯಿತೇ, ದೊಡ್ಡವರು ವಾರಕ್ಕೊಮ್ಮೆಯಾದರೂ ಪಕ್ಕದಲ್ಲಿ ಕೂತು ಆಡಿದರೇ? ಈ ನಾಲ್ಕಕ್ಕೂ ಹೌದು ಎಂದಾದರೆ, ಕೈಯಲ್ಲಿ ದುಡ್ಡೂ ಇದ್ದರೆ, ಟಿವಿಗೆ ಜೋಡಿಸಿ ಇಬ್ಬರು ಆಡಬಹುದಾದ ಯಂತ್ರವನ್ನು ಧೈರ್ಯವಾಗಿ ತನ್ನಿ. ಒಂದಕ್ಕೆ ಇಲ್ಲ ಎಂದಾದರೂ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಮುಂದಿನ ವರ್ಷವೂ ಅಂಗಡಿ ಅಲ್ಲೇ ಇರುತ್ತದೆ. ಬೇಡ ಎಂದು ತೀರ್ಮಾನಿಸಿದರೆ ಮಕ್ಕಳಿಗೆ ಕಾರಣ ಹೇಳಿ. ಕಾರಣ ಕೇಳಿಸಿಕೊಂಡ ಮಗು ಇಲ್ಲ ಎಂಬ ಮಾತನ್ನೂ ಒಪ್ಪಿಕೊಳ್ಳಲು ಕಲಿಯುತ್ತದೆ.